ವಾಲ್ವ್ ‘ಗ್ರೈಂಡ್’ ಮಾಡುವುದಕ್ಕೆ ‘ತೇಯುವುದು’ ಎನ್ನಬಹುದೇ?

ನಮಸ್ಕಾರ. ಹಳೆಯ ಮೋಟಾರ್‌ಸೈಕಲ್ಲುಗಳ ಎಂಜಿನ್ ಬಿಚ್ಚಿ ಜೋಡಿಸುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ವಾಲ್ವುಗಳ (ಎಂಜಿನ್ನಿಗೆ ಗಾಳಿ ಬರುವ, ಹೊಗೆ ಹೋಗುವ ದಾರಿಗಳನ್ನು ತೆರೆದು ಮುಚ್ಚುವ, ಕಡ್ಡಿಯ ತುದಿಗೆ ಚಪ್ಪಟೆ ತಲೆಯಿರುವ ಭಾಗಗಳ) ಅಧ್ಯಾಯದಲ್ಲಿ ಒಂದೇ ಒಂದು ಕ್ರಿಯಾಪದ ಸಿಗದೆ ಬರವಣಿಗೆ ನಿಂತಿದೆ.

ಗ್ಯಾರೇಜಿನ ಮಾತಿನಲ್ಲಿ ‘ಗ್ರೈಂಡ್ ಮಾಡುವುದು’ ಎಂದರೆ ಎರಡು ಬೇರೆ ಬೇರೆ ಕೆಲಸಗಳು. ಯಂತ್ರದ ಸಾಣೆಕಲ್ಲಿಗೆ ಕೊಟ್ಟು ವಾಲ್ವಿನ ಇಳಿಜಾರು ಅಂಚಿನ ಲೋಹವನ್ನು ತೆಗೆಸುವುದು ಒಂದು. ವಾಲ್ವಿಗೂ ಅದು ಕೂತು ಮುಚ್ಚುವ ಸೀಟಿಗೂ ನಡುವೆ ತರಿತರಿಯಾದ ಪೇಸ್ಟು ಹಚ್ಚಿ, ಎರಡೂ ಒಂದಕ್ಕೊಂದು ಹೊಂದಿ ಕೂರುವವರೆಗೆ ಕೈಯಿಂದ ತಿರುಗಿಸುವುದು ಇನ್ನೊಂದು. ನಾನೊಮ್ಮೆ ಎರಡನೆಯ ಅರ್ಥದಲ್ಲಿ ‘ಗ್ರೈಂಡ್ ಮಾಡಿ’ ಎಂದು ಚೀಟಿ ಬರೆದು ಎಗ್ಸಾಸ್ಟ್ ವಾಲ್ವನ್ನು ವರ್ಕ್‌ಶಾಪಿಗೆ ಕಳಿಸಿದ್ದೆ, ಅವರು ಮೊದಲನೆಯದನ್ನು ಮಾಡಿಟ್ಟರು. ವಾಲ್ವಿನ ತಲೆಯ ಸುತ್ತಂಚಿನ ದಪ್ಪ ಮೊದಲೇ 1 ಮಿ.ಮೀ.ನಷ್ಟು ಉಳಿದಿತ್ತು, ಮರಳಿ ಬಂದಾಗ ಚಾಕುವಿನ ಬಾಯಿಯಂತಾಗಿತ್ತು. ಅಷ್ಟು ತೆಳುವಾದ ಅಂಚು ಕೆಂಪಗೆ ಕಾದು ಬೇಗ ಸುಟ್ಟುಹೋಗುತ್ತದೆ, ಆದ್ದರಿಂದ ಆ ವಾಲ್ವನ್ನು ಬಳಸುವಂತಿರಲಿಲ್ಲ. ಬದಲಿ ಸಿಗದ ಭಾಗವೊಂದು ಪದದ ಗೊಂದಲದಿಂದ ಹಾಳಾದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಈ ಎರಡನೆಯ ಕೆಲಸಕ್ಕೆ ‘ಉಜ್ಜುವುದು’ ಎಂದರೆ ಮಸಿ ತೆಗೆಯುವ ಕೆಲಸವೆಂದು ಓದುಗರು ತಿಳಿಯುತ್ತಾರೆ. ‘ಅರೆಯುವುದು’ ಎಂದರೆ ನಡುವೆ ಇಟ್ಟದ್ದು ನುಣ್ಣಗಾಗಬೇಕು, ‘ಮಸೆಯುವುದು’ ಎಂದರೆ ಹರಿತವಾಗಬೇಕು. ಇಲ್ಲಿ ಎರಡೂ ಉದ್ದೇಶವಲ್ಲ. ನನಗೆ ಒಪ್ಪಿಗೆಯಾಗಿರುವುದು ‘ತೇಯುವುದು’. ಗಂಧದ ಕೊರಡನ್ನು ತೇಯುವಾಗ ಕೊರಡಿನ ಜೊತೆಗೆ ಕಲ್ಲೂ ವರ್ಷಗಳಲ್ಲಿ ತಗ್ಗಾಗಿ, ಒಂದರ ಆಕಾರಕ್ಕೆ ಇನ್ನೊಂದು ಒಗ್ಗುತ್ತದೆ. ವಾಲ್ವಿನಲ್ಲೂ ನಡೆಯುವುದು ಅದೇ. ಪೇಸ್ಟನ್ನು ಮೂರು ನಾಲ್ಕು ಕಡೆ ಚುಕ್ಕೆಯಷ್ಟೇ ಇಟ್ಟು, ವಾಲ್ವಿನ ತಲೆಗೆ ಅಂಟಿಸಿದ ರಬ್ಬರ್ ಬಟ್ಟಲಿನ ಕೋಲನ್ನು ಅಂಗೈಗಳ ನಡುವೆ ಹಿಂದೆ ಮುಂದೆ ಹೊಸೆಯುತ್ತಾ, ಆಗಾಗ ವಾಲ್ವನ್ನು ಎತ್ತಿ ಕಾಲು ಸುತ್ತು ತಿರುಗಿಸಿ ಮತ್ತೆ ಕೂರಿಸಿದರೆ, ಮೊದಲು ಕರಕರ ಎನ್ನುತ್ತಿದ್ದ ಸದ್ದು ಮೆಲ್ಲಗೆ ತಗ್ಗಿ, ಒರೆಸಿ ನೋಡಿದಾಗ ಎಲ್ಲೂ ತುಂಡಾಗದ ಮಾಸಲು ಬೂದುಬಣ್ಣದ ಉಂಗುರವೊಂದು ವಾಲ್ವಿನಲ್ಲೂ ಸೀಟಿನಲ್ಲೂ ಮೂಡಿರುತ್ತದೆ.

ಒಂದು ತೊಡಕು ಮಾತ್ರ ಉಳಿಯುತ್ತದೆ. ‘ತೇದುಹೋದ ವಾಲ್ವ್’ ಎಂದರೆ ಬಳಸಿ ಬಳಸಿ ಕ್ಷಯಿಸಿದ ವಾಲ್ವ್ ಎಂಬ ಅರ್ಥವೂ ಬರುತ್ತದೆ. ಅದಕ್ಕೆ ‘ಸವೆದ’ ಎಂಬುದನ್ನೇ ಮೀಸಲಿಟ್ಟು, ‘ತೇದ’ ಎಂಬುದನ್ನು ನಾವು ಬೇಕೆಂದೇ ಮಾಡಿದ ಕೆಲಸಕ್ಕೆ ಉಳಿಸಿಕೊಳ್ಳಬಹುದೆಂದು ನನ್ನ ಯೋಚನೆ: ‘ಕಡ್ಡಿ ಸವೆದಿದ್ದರೆ ತೇಯುವುದರಿಂದ ಪ್ರಯೋಜನವಿಲ್ಲ’ ಎಂಬ ವಾಕ್ಯ ಸಂದಿಗ್ಧವಿಲ್ಲದೆ ನಿಲ್ಲುತ್ತದೆ. ಕಡ್ಡಿ ಸವೆದು ಗೈಡಿನಲ್ಲಿ, ಅಂದರೆ ಕಡ್ಡಿ ಮೇಲೆ ಕೆಳಗೆ ಚಲಿಸುವ ಕೊಳವೆಯಲ್ಲಿ, ಓಲಾಡುವ ವಾಲ್ವ್ ಪ್ರತಿ ಬಾರಿ ಬೇರೆ ಜಾಗದಲ್ಲಿ ಕೂರುವುದರಿಂದ ಆ ಮಾತು ನಿಜವೂ ಹೌದು.

ಇದೇ ಸಂದರ್ಭದಲ್ಲಿ ಇನ್ನೊಂದು ಪದ. ಸಾಮಾನ್ಯವಾಗಿ 45 ಡಿಗ್ರಿ, ಕೆಲವು ಎಂಜಿನ್ನುಗಳಲ್ಲಿ 30 ಡಿಗ್ರಿ ಓರೆಯಾಗಿರುವ, ಸೀಟಿಗೆ ತಾಗುವ ಪಟ್ಟಿಯನ್ನು (ಇಂಗ್ಲಿಷಿನ ‘ಫೇಸ್’) ‘ಮುಖ’ ಎಂದು ಅನುವಾದಿಸುವವರಿದ್ದಾರೆ. ಕನ್ನಡದಲ್ಲಿ ಮುಖವೆಂದರೆ ಎದುರಿಗೆ ಕಾಣುವ ಭಾಗ. ಓದುಗರು ಉರಿಯ ಕಡೆಗಿರುವ ಚಪ್ಪಟೆ ತಲೆಯನ್ನು ಪರೀಕ್ಷಿಸಿ, ಕುಳಿ ಬಿದ್ದಿರುವ ಓರೆಯನ್ನು ನೋಡದೆ ಬಿಟ್ಟಾರು. ನಾನು ‘ಓರೆಯಂಚು’ ಎಂದು ಬರೆದಿದ್ದೇನೆ. ‘ಕವಾಟ’ ಎಂಬುದನ್ನು ಕೈಬಿಟ್ಟಿದ್ದೇನೆ. ಹೃದಯದ ವಿಷಯದಲ್ಲಿ ಅದು ನೆಲೆಗೊಂಡಿದೆ, ಎಂಜಿನ್ ಬಿಚ್ಚುವವರ ಬಾಯಲ್ಲಿ ಇಲ್ಲ.

ಲೋಹವನ್ನೋ ಕಲ್ಲನ್ನೋ ಜೋಡಿಯಾಗಿ ಹೊಂದಿಸುವ ಬೇರೆ ಕಸುಬುಗಳಲ್ಲಿ ‘ತೇಯು’ ಬಳಕೆಯಲ್ಲಿದೆಯೇ, ಅಥವಾ ಅದಕ್ಕಿಂತ ಸರಿಹೊಂದುವ ಕಸುಬಿನ ಮಾತು ಯಾವುದಾದರೂ ಇದೆಯೇ ಎಂಬುದನ್ನು ಬಲ್ಲವರು ಬಳಕೆಯ ವಾಕ್ಯದೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.