ಕಾಯಕ್ ಟ್ರಿಪ್ಪಿಗೆ ನಿಮ್ಮ ಶೋಕಿ ಸಾಮಾನು ಯಾವ್ದು?

ಹುಬ್ಬಳ್ಳಿಯಿಂದ: ಶನಿವಾರ ಗಣೇಶಗುಡಿ ಹತ್ರ ಕಾಳಿ ಹೊಳ್ಯಾಗ ಕಾಯಕ್ (ಹುಟ್ಟು ಹಾಕೋ ಸಣ್ಣ ದೋಣಿ), ರಾತ್ರಿ ಹೋಂಸ್ಟೇ ಬಯಲಾಗ ಟೆಂಟ್. ಟಾರ್ಚು, ಲೈಫ್ ಜಾಕೆಟ್ ಎಲ್ಲಾ ಆತು. ಬೇಕಾಗಂಗಿಲ್ಲ, ಆದ್ರ ಇದ್ರ ಖುಷಿ ಅನ್ನೂವಂಥಾದ್ದು ಏನ್ ಒಯ್ತೀರಿ?

ಧಾರವಾಡದಿಂದ: ಹೋದ ಸಲ ಅವ್ವನ ಕೌದಿ ಒಯ್ದಿದ್ದೆ. ಡ್ರೈ ಬ್ಯಾಗಿನ (ನೀರು ಒಳಗ ಹೋಗದ ಚೀಲದ) ಬಾಯಿ ಮೂರು ಸುತ್ತು ಮಡಚಬೇಕಿತ್ತು, ನಾ ಒಂದ ಸುತ್ತು ಮಡಚಿ ಕ್ಲಿಪ್ ಹಾಕಿದ್ದೆ. ತೊಯ್ದ ಕೌದಿ ಹಿಂಡಾಕ ಇಬ್ಬರು ಬೇಕಾದ್ವಿ, ಮುಂಜಾನೆತನಕಾ ಹಗ್ಗದ ಮ್ಯಾಲೆ ತೊಟ್ಟಿಕ್ಕತಿತ್ತು. ಈಗ ಗಾಳಿ ತುಂಬೋ ದಿಂಬು ಅಷ್ಟ. ಮಡಚಿದ್ರ ಮುಷ್ಟ್ಯಾಗ ಹಿಡಿತೈತಿ.

ಗದಗಿನಿಂದ: ಖಡಕ್ ರೊಟ್ಟಿ, ಶೇಂಗಾ ಚಟ್ನಿ. ರೊಟ್ಟಿ ಸ್ಟೀಲ್ ಡಬ್ಬ್ಯಾಗ ಇಡ್ರಿ, ಇಲ್ಲಂದ್ರ ಪುಡಿ ತಿನ್ನೂದು. ಕಾಳಿ ಹೊಳಿಗೆ ಕಟ್ಟಿದ ಸೂಪಾ ಡ್ಯಾಮಿಂದ ನೀರು ಯಾವಾಗ ಬಿಡ್ತಾರ ಅಂತ ಮೊದ್ಲ ಕೇಳಕೊಳ್ರಿ.

ಹುಬ್ಬಳ್ಳಿಯಿಂದ: ದಿಂಬು ತಗೋತೀನ್ರಿ. ಕೌದಿಗೆ ಅವ್ವಾರು ಏನಂದ್ರು?

ಧಾರವಾಡದಿಂದ: ಇನ್ನೂ ಹೇಳಿಲ್ರಿ.