ಗೋಡ್‌ಬೋಲೆ ಪಾತ್ರ ಮಾಡಿದ ಅಲೆಕ್ ಗಿನೆಸ್ ನಿಜವಾಗ್ಲೂ ಅಷ್ಟು ದೊಡ್ಡ ನಟನಾ?

ರಾಮನಗರದ_ಅಳಿಯ:
ನಿನ್ನೆ ರಾತ್ರಿ 1984ರ 'ಎ ಪ್ಯಾಸೇಜ್ ಟು ಇಂಡಿಯಾ' ನೋಡಿದೆ. ಸಾವನದುರ್ಗ, ರಾಮದೇವರ ಬೆಟ್ಟ ಕಾಣಿಸುತ್ತವೆ ಅಂತ ಮಾವ ಹೇಳಿದ್ದಕ್ಕೆ ಕೂತಿದ್ದು, ಬಂಡೆ ಗುರುತು ಹಿಡಿಯುವುದರಲ್ಲೇ ಅರ್ಧ ಸಿನಿಮಾ ಮುಗಿಯಿತು. ಅದರಲ್ಲಿ ಪ್ರೊಫೆಸರ್ ಗೋಡ್‌ಬೋಲೆ ಅಂತ ಒಬ್ಬರು ಬರುತ್ತಾರೆ. ಮುಖಕ್ಕೆಲ್ಲ ಕಂದು ಬಣ್ಣ. ಹೆಸರು ನೋಡಿದರೆ ಅಲೆಕ್ ಗಿನೆಸ್! ಸ್ಟಾರ್ ವಾರ್ಸ್‌ನ ಓಬಿ-ವಾನ್ ಇವರೇನಾ? ಮಹಾನ್ ನಟ ಅಂತಾರೆ, ನನಗಂತೂ ಏನೂ ಕಾಣಲಿಲ್ಲ. ಯಾವುದನ್ನು ನೋಡಿದರೆ ಗೊತ್ತಾಗುತ್ತದೆ?

ಹಳೇ_ರೀಲು:
ಅವರೇ ಸಾರ್. ಆದರೆ ನೀವು ತಪ್ಪು ಸಿನಿಮಾದಿಂದ ಶುರು ಮಾಡಿದ್ದೀರಿ. ಗೋಡ್‌ಬೋಲೆಗೆ ಒಂದು ಕುಣಿತ ಇತ್ತು, ಅದನ್ನು ನಿರ್ದೇಶಕ ಡೇವಿಡ್ ಲೀನ್ ಎಡಿಟಿಂಗ್‌ನಲ್ಲಿ ತೆಗೆದುಹಾಕಿದರು. ಹಳೇ ಸ್ನೇಹಿತರು, ಅಲ್ಲಿಗೆ ಮುನಿಸಾಯಿತು.

1957ರ 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್' ನೋಡಿ. ಜಪಾನಿಯರು ನಡೆಸುವ ಯುದ್ಧಕೈದಿಗಳ ಕ್ಯಾಂಪು, ಇವರು ಅಲ್ಲಿ ಸೆರೆಯಲ್ಲಿರುವ ಬ್ರಿಟಿಷ್ ಕರ್ನಲ್ ನಿಕಲ್ಸನ್. ಬಿಸಿಲಿಗೆ ಕಾದ ತಗಡಿನ ಗೂಡಿನಲ್ಲಿ ಕೂಡಿಹಾಕಿರುತ್ತಾರೆ. ಹೊರಗೆ ಬಿಟ್ಟಾಗ ನಡೆಯುವುದನ್ನು ಗಮನಿಸಿ. ಮಂಡಿ ಮಾತು ಕೇಳುವುದಿಲ್ಲ, ಬೆನ್ನು ಮಾತ್ರ ಬಗ್ಗುವುದಿಲ್ಲ. ಆ ನಡಿಗೆ ಅವರ ಮಗನದ್ದು! ಹುಡುಗನಿಗೆ ಪೋಲಿಯೋ ಬಂದು ಚೇತರಿಸಿಕೊಳ್ಳುವಾಗ ಹೇಗೆ ಕಾಲೆಳೆದು ನಡೆಯುತ್ತಿದ್ದನೋ ಅದನ್ನೇ ತಂದರು. ಯಾವ ಪಾತ್ರಕ್ಕೂ ಮೊದಲು ನಡಿಗೆ ಹುಡುಕುತ್ತಿದ್ದರಂತೆ, ಮಿಕ್ಕಿದ್ದೆಲ್ಲ ಆಮೇಲೆ. ಆಸ್ಕರ್ ಬಂದಿದ್ದೂ ಇದಕ್ಕೇ.

ರಂಗದ_ಹಿಂದೆ:
ಎಲ್ಲರೂ ಸಿನಿಮಾನೇ ಹೇಳ್ತೀರಲ್ಲ, ಮನುಷ್ಯ ನಾಟಕದವರು ಸ್ವಾಮಿ. ಹುಟ್ಟಿದ್ದು 1914, ಲಂಡನ್. ಜನನ ಪತ್ರದಲ್ಲಿ ತಂದೆಯ ಹೆಸರಿನ ಜಾಗ ಖಾಲಿ. ಜಾಹೀರಾತು ಕಂಪನಿಯಲ್ಲಿ ಬರೆಯುವ ಕೆಲಸ ಮಾಡಿಕೊಂಡಿದ್ದವರಿಗೆ 1934ರಲ್ಲಿ ರಂಗನಟ ಜಾನ್ ಗೀಲ್‌ಗುಡ್ ತಮ್ಮ 'ಹ್ಯಾಮ್ಲೆಟ್'ನಲ್ಲಿ ಆಸ್ರಿಕ್ ಅನ್ನುವ ಚಿಕ್ಕ ಪಾತ್ರ ಕೊಟ್ಟರು. ನಾಲ್ಕೇ ವರ್ಷ, ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರದಲ್ಲಿ ಇವರೇ ಹ್ಯಾಮ್ಲೆಟ್! ಆ ಕಾಲದ ಕೋಟು ಪ್ಯಾಂಟಿನಲ್ಲೇ ಆಡಿದ ಪ್ರಯೋಗ, ಒಫೀಲಿಯಾಳನ್ನು ಮಣ್ಣು ಮಾಡುವ ದೃಶ್ಯದಲ್ಲಿ ಎಲ್ಲರ ಕೈಯಲ್ಲೂ ಕಪ್ಪು ಛತ್ರಿ.

ಬಣ್ಣ ಬಳಿದಿದ್ದಕ್ಕೆ ಬೇಜಾರಾಗಿದ್ದರೆ ತಪ್ಪಿಲ್ಲ, ನನಗೂ ಆಯಿತು. ಅದು ಹೊಸದೂ ಅಲ್ಲ. 1948ರ 'ಆಲಿವರ್ ಟ್ವಿಸ್ಟ್'ನಲ್ಲಿ ಫೇಗಿನ್ ಅನ್ನುವ ಯಹೂದಿ ಮುದುಕನ ಪಾತ್ರಕ್ಕೆ ಇಟ್ಟುಕೊಂಡ ಆ ದೊಡ್ಡ ಮೂಗು ಯಹೂದಿಗಳನ್ನು ಹಂಗಿಸುತ್ತದೆ ಅಂತ ಗಲಾಟೆಯಾಗಿ, ಅಮೆರಿಕದಲ್ಲಿ 1951ರವರೆಗೂ ಬಿಡುಗಡೆ ಆಗಲಿಲ್ಲ. ವೇಷದ ಹುಚ್ಚು ಅವರಿಗೆ ಜಾಸ್ತಿ, ಕೆಲವು ಸಲ ಅದೇ ಕೈಕೊಟ್ಟಿತು. ಸರಿಯಾಗಿ ಕೂತಿದ್ದನ್ನು ನೋಡಬೇಕಾದರೆ 1949ರ 'ಕೈಂಡ್ ಹಾರ್ಟ್ಸ್ ಅಂಡ್ ಕರೋನೆಟ್ಸ್' ನೋಡಿ. ಒಂದೇ ಮನೆತನದವರನ್ನು ಒಬ್ಬೊಬ್ಬರಾಗಿ ಸಾಯಿಸುವ ಕಥೆ. ಸಾಯುವ ಪಾದ್ರಿ, ನೌಕಾಪಡೆಯವ, ಕೊನೆಗೆ ಹೆಂಗಸು ಕೂಡ ಇವರೇ.

ಸುಮ್ನೆ_ಓದುಗ:
ಓಬಿ-ವಾನ್ ಅಂದರೆ ಅವರಿಗೆ ಆಗುತ್ತಲೇ ಇರಲಿಲ್ಲ. ದುಡ್ಡು ಮಾತ್ರ ಚೆನ್ನಾಗಿ ಬಂತು, ನಿರ್ದೇಶಕ ಜಾರ್ಜ್ ಲೂಕಾಸ್ ಪಾಲಿನಲ್ಲಿ ಶೇಕಡಾ 2ಕ್ಕೂ ಚೂರು ಜಾಸ್ತಿ. ಸ್ಟಾರ್ ವಾರ್ಸ್ ನೂರಕ್ಕೂ ಹೆಚ್ಚು ಸಲ ನೋಡಿದ್ದೇನೆ ಅಂತ ಬಂದ ಒಬ್ಬ ಹುಡುಗನಿಗೆ, ಇನ್ನು ಮೇಲೆ ನೋಡಬೇಡ ಅಂದರಂತೆ. ಪಾಪ, ಅತ್ತೇಬಿಟ್ಟ.

ರಾಮನಗರದ_ಅಳಿಯ:
ಕ್ವಾಯ್ ನೋಡಿದೆ. ಆ ನಡಿಗೆಯನ್ನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದೆ, ಮಾವನನ್ನೂ ಕರೆದು ತೋರಿಸಿದೆ. ಅವರು ಕೇಳಿದ್ದು ಒಂದೇ, "ಇದು ಎಲ್ಲಿ ಶೂಟಿಂಗು?" ಶ್ರೀಲಂಕಾ ಅಂದೆ. ಎದ್ದು ಹೋಗಿ ಮಲಗಿದರು.