ಪ್ರಶ್ನೋತ್ತರ: ಒಂದು ಫೈಲಿನ ಬೆನ್ನಿಗೆ ಇನ್ನೊಂದು ಫೈಲ್ ಬೇಕಾ?

ಹಾಸನದ ಹುಡುಗ: ವಿಂಡೋಸ್ ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಎನ್‌ಟಿಎಫ್‌ಎಸ್ ಫೈಲ್ ಸಿಸ್ಟಮ್‌ನಲ್ಲಿ ಫೈಲ್ ಹೆಸರಾದ ಮೇಲೆ ಕೋಲನ್ (:) ಹಾಕಿ ಬೇರೆ ಡೇಟಾ ಅಡಗಿಸಬಹುದಂತೆ, ಆಲ್ಟರ್ನೇಟ್ ಡೇಟಾ ಸ್ಟ್ರೀಮ್ ಅಂತ. ಫೈಲ್ ಸಿಸ್ಟಮ್‌ಗೆ ಇದೆಲ್ಲ ಬೇಕಾ ಸರ್?

ರಿಕವರಿ ಭಟ್ರು: 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯಿಂದಲೂ ಇದೆ. ಮ್ಯಾಕ್ ಫೈಲ್ ಸರ್ವರ್‌ನಲ್ಲಿಟ್ಟರೆ ಅದರ ರಿಸೋರ್ಸ್ ಫೋರ್ಕ್, ಅಂದರೆ ಫೈಲಿಗೆ ಅಂಟಿಕೊಂಡ ಹೆಚ್ಚುವರಿ ಡೇಟಾ, ಕಳೆಯಬಾರದು ಅಂತ ಮಾಡಿದ್ದು. ಚಿಕ್ಕ ಗುರುತಿಗೆ ಬೇಕು. ಆದರೆ ಗಾತ್ರಕ್ಕೆ ಲಗಾಮಿಲ್ಲ, ಎಕ್ಸ್‌ಪ್ಲೋರರ್‌ನಲ್ಲಿ ಕಾಣುವುದೂ ಇಲ್ಲ. ಅದು ತಪ್ಪು.

ಆಡಿಟರ್ ಅಕ್ಕ: ಡೌನ್‌ಲೋಡ್ ಮಾಡಿದ ಎಕ್ಸೆಲ್‌ನಲ್ಲಿ ಮ್ಯಾಕ್ರೋ ಓಡುತ್ತಿಲ್ಲ.

ರಿಕವರಿ ಭಟ್ರು: ಅದೂ ಸ್ಟ್ರೀಮೇ. ಝೋನ್ ಐಡೆಂಟಿಫೈಯರ್, ಒಳಗೆ 3 ಅಂತಿದ್ದರೆ ಇಂಟರ್ನೆಟ್‌ನಿಂದ ಬಂದ ಫೈಲ್. ಕಳಿಸಿದವರ ಮೇಲೆ ನಂಬಿಕೆ ಇದ್ದರೆ ಪ್ರಾಪರ್ಟೀಸ್‌ಗೆ ಹೋಗಿ ಅನ್‌ಬ್ಲಾಕ್ ಮಾಡಿ.

ಟೀಚರಮ್ಮ: ಸರ್, ಪಾಸ್‌ವರ್ಡ್‌ಗಳನ್ನೆಲ್ಲ ಹೀಗೇ ಒಂದು ನೋಟ್‌ಪ್ಯಾಡ್ ಫೈಲಿನ ಹಿಂದೆ ಬರೆದಿಟ್ಟಿದ್ದೆ. ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸಿದೆ. ಈಗ ಮೇಲಿನ ನಾಲ್ಕು ಸಾಲು ಮಾತ್ರ ಇದೆ.

ರಿಕವರಿ ಭಟ್ರು: ಅಯ್ಯೋ. ಪೆನ್‌ಡ್ರೈವ್‌ನಲ್ಲಿ ಎಫ್‌ಎಟಿ32 ಅನ್ನುವ ಹಳೇ ಫೈಲ್ ಸಿಸ್ಟಮ್ ಇರಬೇಕು, ಅದರಲ್ಲಿ ಸ್ಟ್ರೀಮ್‌ಗೆ ಜಾಗವೇ ಇಲ್ಲ. ಕಾಪಿ ಮಾಡುವಾಗ "ಪ್ರಾಪರ್ಟೀಸ್ ಇಲ್ಲದೆ ಕಾಪಿ ಮಾಡಲಾ" ಅಂತ ಒಂದು ಕಿಟಕಿ ಬಂದಿರುತ್ತದೆ, ನೀವು ಯೆಸ್ ಒತ್ತಿರುತ್ತೀರಿ, ಎಲ್ಲರೂ ಒತ್ತುತ್ತಾರೆ. ಪ್ರಾಪರ್ಟೀಸ್ ಅಂದರೆ ನಿಮ್ಮ ಪಾಸ್‌ವರ್ಡ್ ಅಂತ ಯಾರಿಗೆ ಹೊಳೆಯಬೇಕು? ಲ್ಯಾಪ್‌ಟಾಪ್ ಈಗಲೇ ಆಫ್ ಮಾಡಿ, ಏನೂ ಇನ್‌ಸ್ಟಾಲ್ ಮಾಡಬೇಡಿ. ಹಾರ್ಡ್ ಡಿಸ್ಕ್ ಆಗಿದ್ದು ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ ಸ್ವಲ್ಪ ಆಸೆ ಇದೆ. ಚಿಕ್ಕ ಸ್ಟ್ರೀಮ್ ಎಂಎಫ್‌ಟಿ, ಅಂದರೆ ಡಿಸ್ಕಿನ ಫೈಲ್ ಪಟ್ಟಿ, ಅದರ ದಾಖಲೆಯೊಳಗೇ ಕೂತಿರುತ್ತದೆ, ಆ ದಾಖಲೆ ಉಳಿದಿದ್ದರೆ ಸಿಗಬಹುದು. ಎಸ್‌ಎಸ್‌ಡಿ ಆದರೆ ಅಳಿಸಿದ ಜಾಗ ಖಾಲಿ ಮಾಡುವ ಟ್ರಿಮ್ ಒರೆಸಿಬಿಟ್ಟಿರುತ್ತದೆ. ಯಾವುದು ಹೇಳಿ.

ಮೈಸೂರ್‌ಪಾಕ್: ಫಾರ್ವರ್ಡ್ ಬಂದಿದೆ: "ಗುಪ್ತ ಸ್ಟ್ರೀಮ್‌ನಿಂದಲೇ ಲ್ಯಾಪ್‌ಟಾಪ್ ಸ್ಲೋ, ಇಡೀ ಸಿ ಡ್ರೈವ್‌ನಲ್ಲಿ ಅಳಿಸಿ." ಮಾಡಲಾ?

ರಿಕವರಿ ಭಟ್ರು: ಬೇಡ. ಸ್ಪೀಡ್ ಚೂರೂ ಹೆಚ್ಚಲ್ಲ. ಡೌನ್‌ಲೋಡ್ ಗುರುತು ಅಳಿಸಿದರೆ ವೈರಸ್ ಫೈಲ್ ಒತ್ತಿದಾಗ ಬರುವ ಎಚ್ಚರಿಕೆಯೂ ಹೋಗುತ್ತದೆ. ಏನಿದೆ ನೋಡಬೇಕಾದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಐಆರ್ ಸ್ಲ್ಯಾಶ್ ಆರ್ (dir /r) ಕೊಡಿ, ಅಷ್ಟೇ.

ಪೆಂಗ್ವಿನ್: ಲಿನಕ್ಸ್‌ಗೆ ಬನ್ನಿ, ಈ ತಲೆನೋವೇ ಇಲ್ಲ.

ಮ್ಯಾಕ್ ಮಾವ: ನಿಮ್ಮಲ್ಲೂ ಫೈಲಿಗೆ ಹೆಚ್ಚುವರಿ ಮಾಹಿತಿ ಅಂಟಿಸುವ ಎಕ್ಸ್‌ಆಟರ್ ಇದೆಯಲ್ಲ ಸ್ವಾಮಿ.

ಪೆಂಗ್ವಿನ್: ಅದಕ್ಕೆ ಮಿತಿ ಇದೆ, 64 ಕೆಬಿ. ನಿಮ್ಮ ಮ್ಯಾಕ್‌ಗೆ ಪೆನ್‌ಡ್ರೈವ್ ಹಾಕಿದರೆ ಚುಕ್ಕಿ, ಅಂಡರ್‌ಸ್ಕೋರ್ ಹೆಸರಿನ ಕಸ ಉದುರಿಸಿ ಕೊಡುತ್ತದೆ.

ಮ್ಯಾಕ್ ಮಾವ: ಕಸವಲ್ಲ ಅದು, ಡೇಟಾ ಉಳಿಸುವ ದಾರಿ. ಟೀಚರಮ್ಮನ ಪಾಸ್‌ವರ್ಡ್ ಉಳಿಯುತ್ತಿತ್ತು!

ಹಾಸನದ ಹುಡುಗ: ವಿಂಡೋಸ್‌ನ ಇನ್ನೊಂದು ಫೈಲ್ ಸಿಸ್ಟಮ್ ರೆಎಫ್‌ಎಸ್‌ನಲ್ಲಿ ಹೇಗೆ?

ಪೆಂಗ್ವಿನ್: ಮಾವ, ಮೊದಲು ಲಿನಕ್ಸ್ ಬಳಸಿ, ಆಮೇಲೆ ಮಾತಾಡಿ.

ಹೊಸ ಸದಸ್ಯ: ಎಕ್ಸೆಲ್ ಮ್ಯಾಕ್ರೋ ಬ್ಲಾಕ್ ಆಗುತ್ತಿದೆ, ಏನು ಮಾಡಲಿ?

ರಿಕವರಿ ಭಟ್ರು: ಮೇಲೆ ಓದಿ.

ಮೈಸೂರ್‌ಪಾಕ್: ಸರ್, ಆ ಅಳಿಸುವ ಕಮಾಂಡ್ ಆಗಲೇ ಹೊಡೆದುಬಿಟ್ಟೆ...

ರಿಕವರಿ ಭಟ್ರು: ಮತ್ತೆ ಕೇಳಿದ್ದೇಕೆ? ಪೆಂಗ್ವಿನ್, ಮಾವ, ಇಬ್ಬರೂ ಜಗಳ ನಿಲ್ಲಿಸಿ. ಟೀಚರಮ್ಮ, ಹಾರ್ಡ್ ಡಿಸ್ಕಾ, ಎಸ್‌ಎಸ್‌ಡಿಯಾ?